ಚೌಕಟ್ಟಿನ ಬೆನ್ನು

ನಾನು ಕಾನೂನು ಓದಿ ಅಂಕ ಕೊಡುವವಳು.
ಕೇಂದ್ರ ಬ್ಯಾಂಕು ಎಷ್ಟು ಸ್ವತಂತ್ರ ಎಂದು
ಹದಿನಾರು ಪ್ರಶ್ನೆ ಕೇಳಿ, ಒಂದೊಂದು ಉತ್ತರವನ್ನೂ
ಸೊನ್ನೆಗೂ ಒಂದಕ್ಕೂ ನಡುವೆ ಎಲ್ಲಾದರೂ ಕೂರಿಸಬೇಕು.
ಗವರ್ನರರ ಅವಧಿ? ಆರು ವರ್ಷ. ಒಳ್ಳೆಯ ಅಂಕ.
ತೆಗೆದುಹಾಕುವುದು ಸುಲಭವೇ? ಅಲ್ಲ,
ಕಾರಣ ಬೇಕು, ಸೆನೆಟ್ಟಿನ ಒಪ್ಪಿಗೆ ಬೇಕು.
ಸರ್ಕಾರ ಬಂದು ಕೈಚಾಚಿದರೆ?
ಇಲ್ಲಿ ಒಂದು ಉಪಕಲಮು, ಅದಕ್ಕೊಂದು ವಿನಾಯಿತಿ,
ವಿನಾಯಿತಿಗೆ ಅಡಿಟಿಪ್ಪಣಿ,
ಅಡಿಟಿಪ್ಪಣಿಯ ಕೊನೆಗೆ ‘ತುರ್ತು ಸಂದರ್ಭದಲ್ಲಿ’ ಎಂಬ ಎರಡು ಪದ.
ಅಲ್ಲಿ ಅರ್ಧ ಕಳೆದೆ.
ಒಟ್ಟು ೦.೭೪.
ಕಾಗದದ ಮೇಲೆ ನಮ್ಮದು
ಬೆನ್ನು ನೆಟ್ಟಗಿರುವ ಬ್ಯಾಂಕು.

ಆ ಸಂಜೆ ಬೊಎದೊ ಬಡಾವಣೆಗೆ ಹೋದೆ,
ಅಜ್ಜಿಯ ಮದುವೆ ಪಟದ ಗಾಜು ಒಡೆದಿತ್ತು.
ರುಜ್ಜೇರೊ ಪಾಸ್ತೊರೀನೊ,
ಕಿವಿಯ ಸಂದಿಯಲ್ಲಿ ಪೆನ್ಸಿಲು, ಉಗುರಿನಲ್ಲಿ ಅಂಟು.
ಗೋಡೆಗೊರಗಿ ನಿಂತಿತ್ತು ಖಾಲಿ ಚೌಕಟ್ಟೊಂದು,
ಆಕ್ರೋಟಿನ ಮರ, ಒಳಂಚಿಗೆ ಬಂಗಾರದ ಗೆರೆ.
ಯಾರಿಗೆ, ಎಂದೆ.

‘ಬ್ಯಾಂಕಿಗೆ. ಎರಡನೆಯ ಮಹಡಿಯ ಪಡಸಾಲೆಗೆ.
ಕುರ್ಚಿ ಬಿಟ್ಟವರನ್ನು ಅಲ್ಲಿ ಸಾಲಾಗಿ ತೂಗುಹಾಕುತ್ತಾರೆ.
ಹನ್ನೊಂದು ವರ್ಷದಲ್ಲಿ ಇದು ಎಂಟನೆಯದು.
ಈಗೀಗ ಅವರು ಹೇಳಿಕಳಿಸುವ ತನಕ ಕಾಯುವುದಿಲ್ಲ,
ಒಂದು ತಯಾರಿಟ್ಟಿರುತ್ತೇನೆ.
ಅಳತೆ ಬದಲಾಗುವುದಿಲ್ಲ ನೋಡು,
ಮೋರೆ ಮಾತ್ರ.’

ಆರು ವರ್ಷ ಎಂದು ಬರೆದಿದ್ದೆ ನಾನು.
ಅವನು ಮರವನ್ನು ಓರೆಯಾಗಿ ಕೊಯ್ಯುತ್ತಿದ್ದ,
ಹೊಟ್ಟು ಉದುರುತ್ತಿತ್ತು ನನ್ನ ಕಡತದ ಮೇಲೆ.

ಎಂಟರಲ್ಲಿ ಒಬ್ಬರು
ಬಡ್ಡಿ ಇಳಿಸಲಾರೆ ಎಂದವರು.
ಹಾಗೆಂದದ್ದು ಶುಕ್ರವಾರ ರಾತ್ರಿ;
ಶನಿವಾರ ಬೆಳಗ್ಗೆ ‘ವೈಯಕ್ತಿಕ ಕಾರಣಗಳಿಂದ’ ರಾಜೀನಾಮೆ.
ಹದಿನಾರು ಪ್ರಶ್ನೆಗಳಲ್ಲಿ
ಶುಕ್ರವಾರ ರಾತ್ರಿ ಎಲ್ಲಿಯೂ ಇಲ್ಲ.

ಇನ್ನೊಬ್ಬರು ಯಾರಿಗೂ ಬಗ್ಗದವರು, ನಿಜ.
ಅಚ್ಚಾದ ನೋಟೆಷ್ಟು ಎಂದು ಸಂಸತ್ತು ಕೇಳಿದರೆ
ಅದು ತಾಂತ್ರಿಕ ವಿಷಯ ಎಂದು
ಲೋಟ ಎತ್ತಿ ನೀರು ಕುಡಿದವರು.
ನನ್ನ ಪಟ್ಟಿಯಲ್ಲಿ ಅವರ ವರ್ಷಗಳಿಗೇ ಹೆಚ್ಚು ಅಂಕ.

ಹೇಳೋರು ಕೇಳೋರು ಇಲ್ಲ ಎಂದು
ಒಂದೇ ಉಸಿರಿಗೆ ಬೈಯುತ್ತೇವಲ್ಲ,
ಆ ಮಾತನ್ನೂ ಅವನ ಗರಗಸಕ್ಕೆ ಕೊಡಬೇಕಿತ್ತು,
ನಡುವೆ ಕೊಯ್ದು ಬೇರೆ ಮಾಡಲು:
ಹೇಳೋರು ಇರಬಾರದು.
ಕೇಳೋರು ಇರಬೇಕು.
ನಮ್ಮಲ್ಲಿ ತಿರುವುಮುರುವು.
ಹೇಳುವವರು ರಾತ್ರಿ ಹತ್ತಕ್ಕೂ ಫೋನು ಮಾಡುತ್ತಾರೆ.
ಕೇಳುವವರು
ಎದುರಿನ ಅಂಗಡಿಯ ಹಲಗೆಯ ಮುಂದೆ ನಿಂತು
ನಿನ್ನೆಯ ಬೆಲೆ ಒರೆಸಿದ ಜಾಗವನ್ನು ನೋಡುತ್ತಾರೆ,
ಏನೂ ಕೇಳದೆ ಮನೆಗೆ ಹೋಗುತ್ತಾರೆ.

ಸೋರೆಬುರುಡೆಯಿಂದ ಯೆರ್ಬಾ ಕಷಾಯ ಹೀರಿ
ರುಜ್ಜೇರೊ ಚೌಕಟ್ಟನ್ನು ಬೋರಲು ಹಾಕಿದ.
‘ಇಲ್ಲಿ ನೋಡು. ಪ್ರತಿಯೊಂದರ ಬೆನ್ನಿಗೂ
ನಾನು ಪಡೆದ ಬೆಲೆ ಬರೆದಿಡುತ್ತೇನೆ.
ಮರ ಅದೇ, ಗಾಜು ಅದೇ, ಕೈ ಅದೇ,
ಕೈ ಸ್ವಲ್ಪ ನಡುಗುತ್ತದೆ, ಬಿಡು.
ಮೊದಲನೆಯದಕ್ಕೆ ಒಂಬೈನೂರು ಪೆಸೊ.
ಇದಕ್ಕೆ ಎರಡು ಲಕ್ಷದ ಹತ್ತು ಸಾವಿರ.
ದೊಡ್ಡವರ ಬೆನ್ನ ಹಿಂದೆ ಆಡಬಾರದು ಅನ್ನುತ್ತಿದ್ದಳು ಅಮ್ಮ.
ನಾನು ಆಡುವುದಿಲ್ಲ.’

ಯಾರಾದರೂ ಓದಿದ್ದಾರೆಯೆ, ಎಂದೆ.
‘ಗೋಡೆ ಓದುತ್ತದೆ.
ಒಮ್ಮೆ ಸುಣ್ಣ ಬಳಿಯಲು ಬಂದ ಹುಡುಗ
ಎಲ್ಲವನ್ನೂ ಇಳಿಸಿ ಸಾಲಾಗಿ ಬೋರಲಿಟ್ಟಿದ್ದನಂತೆ.
ಬಹಳ ಹೊತ್ತು ನಿಂತಿದ್ದನಂತೆ.’

ಮಾರನೆಯ ದಿನ ೦.೭೪ನ್ನೇ ಕಳಿಸಿದೆ.
ಕಾನೂನು ಹೇಳಿದ್ದು ಅಷ್ಟು, ಸುಳ್ಳು ಬರೆದಿಲ್ಲ ನಾನು.
ಕಡತ ಮುಚ್ಚುವಾಗ ಹಾಳೆಗಳ ನಡುವಿಂದ
ಆಕ್ರೋಟಿನ ಹೊಟ್ಟು ಉದುರಿತು.
ಉಳಿದ ಪ್ರತಿಯೊಂದನ್ನು ಬೋರಲು ಹಾಕಿ
ಪೆನ್ಸಿಲಿನಲ್ಲಿ
ಅಜ್ಜಿಯ ಗಾಜಿಗೆ ಅವನು ಹೇಳಿದ ಬೆಲೆ ಬರೆದೆ,
ತಾರೀಖು ಹಾಕಿದೆ.

ಪಟ ಇನ್ನೂ ಅಂಗಡಿಯಲ್ಲೇ ಇದೆ.
ಈ ಬೆಲೆ ಶುಕ್ರವಾರದವರೆಗೆ ಮಾತ್ರ, ಎಂದಿದ್ದಾನೆ.
ಕತ್ತಲಾಗುವ ಮೊದಲು ಬಾ.